ಕಾಡಿನ ಮನುಷ್ಯನೂ ನಮ್ಮ ತೋಟದ ನಕ್ಷೆಯೂ



ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಕೈಯಲ್ಲಿದ್ದ ಫಾರಮನ್ನು ಮೇಜಿನ ಮೇಲಿಟ್ಟು, "ಅಲ್ಲ ಮಾರಾಯ್ರೆ, ನನ್ನ ಮೂರೆಕರೆ ತೋಟ ಭೂಮಿಯ ಮೇಲೆ ಎಲ್ಲಿದೆ ಅಂತ ಯುರೋಪಿನವರಿಗೆ ಯಾಕೆ? ಅಜ್ಜನ ಕಾಲದಿಂದ ಇಲ್ಲೇ ಇದೆ, ಓಡಿಹೋಗಿಲ್ಲ" ಎಂದು ಕೇಳಿದರು. ಕಚೇರಿಯಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಉತ್ತರ ಹೇಳಲು ಹೊರಟಾಗ ಮಾತ್ರ ಅದು ಸುಲಭವಲ್ಲವೆಂದು ತಿಳಿಯಿತು. ಆ ಫಾರಮಿನ ಹಿಂದೆ ಜಗತ್ತಿನ ಹಲವು ಕಾಡುಗಳ ಕಥೆಯಿದೆ. ಅಮೆಜಾನಿನದೂ ಇದೆ, ಆಫ್ರಿಕದ ಕೋಕೋ ತೋಟಗಳದೂ ಇದೆ. ಆದರೆ ತೋಟಗಾರರಾದ ನಮಗೆ ತೀರ ಹತ್ತಿರದ ಕಥೆಯೆಂದರೆ ಬೋರ್ನಿಯೋ ಮತ್ತು ಸುಮಾತ್ರಾ ದ್ವೀಪಗಳದು. ಅಲ್ಲಿ ಮರದ ಮೇಲೆಯೇ ಬಾಳುವ ಕೆಂಗೂದಲಿನ ಒಂದು ವಾನರ ಇದೆ. ಅದರ ಬದುಕು ತೋಟದ ಬೆಳೆಗಳಿಂದಲೇ ಕುತ್ತಿಗೆಗೆ ಬಂದಿದೆ. ಹಿರಿಯರು ಕಾಫಿ ಕುಡಿದು ಬಸ್ಸಿಗೆ ಹೊರಡುವಷ್ಟರಲ್ಲಿ ನಾವು ಅರ್ಧ ಮಾತ್ರ ಹೇಳಿದ್ದೆವು. ಉಳಿದದ್ದನ್ನು ಈ ಸಂಚಿಕೆಯ ಪಾಠವಾಗಿ ಬರೆದಿದ್ದೇವೆ.

ಮಲಯ ಭಾಷೆಯಲ್ಲಿ 'ಒರಾಂಗ್' ಎಂದರೆ ಮನುಷ್ಯ, 'ಹುತಾನ್' ಎಂದರೆ ಕಾಡು. ಒರಾಂಗುಟಾನ್ ಎಂದರೆ ಕಾಡಿನ ಮನುಷ್ಯ. ಮರದ ಮೇಲೆ ವಾಸಿಸುವ ಪ್ರಾಣಿಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಬಲಿತ ಗಂಡು 80-90 ಕಿಲೋ ತೂಗುತ್ತದೆ, ಹೆಣ್ಣು ಅದರ ಅರ್ಧದಷ್ಟು. ನೆಲಕ್ಕೆ ಇಳಿಯುವುದು ಕಡಿಮೆ. ಪ್ರತಿ ಸಂಜೆ ಕೊಂಬೆಗಳನ್ನು ಬಗ್ಗಿಸಿ, ಮುರಿದು, ಎಲೆ ಹಾಸಿ ಮಲಗಲು ಹೊಸ ಗೂಡು ಕಟ್ಟಿಕೊಳ್ಳುತ್ತದೆ; ಮರುದಿನ ಅದನ್ನು ಬಿಟ್ಟು ಹೋಗುತ್ತದೆ. ಕಾಡಿನಲ್ಲಿ ಈ ಪ್ರಾಣಿಯನ್ನು ಕಾಣುವುದು ಕಷ್ಟವಾದುದರಿಂದ ವಿಜ್ಞಾನಿಗಳು ಗೂಡುಗಳನ್ನು ಎಣಿಸಿಯೇ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ.

ಇವುಗಳಲ್ಲಿ ಮೂರು ಜಾತಿ. ಬೋರ್ನಿಯೋದ್ದು ಒಂದು, ಉತ್ತರ ಸುಮಾತ್ರಾದ್ದು ಇನ್ನೊಂದು. ಮೂರನೆಯದನ್ನು ಬೇರೆ ಜಾತಿಯೆಂದು ಗುರುತಿಸಿದ್ದು ತೀರ ಇತ್ತೀಚೆಗೆ, 2017ರಲ್ಲಿ. ಸುಮಾತ್ರಾದ ತಪನೂಲಿ ಪ್ರದೇಶದ ಬತಾಂಗ್ ತೋರು ಎಂಬ ಬೆಟ್ಟದ ಕಾಡಿನಲ್ಲಿ ಮಾತ್ರ ಅದು ಉಳಿದಿದೆ. ಗುರುತಿಸುವ ಹೊತ್ತಿಗೇ 800ಕ್ಕಿಂತ ಕಡಿಮೆ ಇದ್ದವು. 2025ರ ನವೆಂಬರ್ ಕೊನೆಯಲ್ಲಿ ಸುಮಾತ್ರಾದಲ್ಲಿ ಆದ ಮಹಾಮಳೆ ಮತ್ತು ಭೂಕುಸಿತಗಳು ಆ ಕಾಡಿನ ಇಳಿಜಾರುಗಳನ್ನೂ ಬಿಡಲಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರೂ ಜಾತಿಗಳನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಳಿವಿನ ಕೊನೆಯ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಿದೆ. ಬೋರ್ನಿಯೋದ ಜಾತಿ 2016ರಲ್ಲಿ ಆ ಪಟ್ಟಿಗೆ ಏರಿತು. ಏರಿತು ಎಂದು ಬರೆಯುವಾಗ ಕೈ ತಡೆಯುತ್ತದೆ, ಇರಲಿ.

ಈಗ ಒಂದು ಲೆಕ್ಕ. ಅಡಿಕೆ ತೋಟದಲ್ಲಿ ಒಂದು ಮರ ಹಿಡಿಮುಂಡಿಗೆಗೆ ಸಿಕ್ಕು ಸತ್ತರೆ ಆ ಜಾಗದಲ್ಲಿ ಸಸಿ ನೆಟ್ಟು, ಅದು ಫಸಲು ಕೊಡುವವರೆಗೆ ಆರೇಳು ವರ್ಷ ಕಾಯುತ್ತೇವೆ. ಇದೇ ದೊಡ್ಡ ಕಾಯುವಿಕೆಯೆಂದು ನಮಗೆ ಅನಿಸುತ್ತದೆ. ಹೆಣ್ಣು ಒರಾಂಗುಟಾನ್ ಮೊದಲ ಮರಿ ಹಾಕುವುದು ಸುಮಾರು 15ನೇ ವಯಸ್ಸಿಗೆ. ಒಂದು ಸಲಕ್ಕೆ ಒಂದೇ ಮರಿ. ಆ ಮರಿಯನ್ನು ಆರೇಳು ವರ್ಷ, ಕೆಲವೊಮ್ಮೆ ಎಂಟು ವರ್ಷದವರೆಗೂ ಹಾಲೂಡಿಸಿ ಜತೆಯಲ್ಲಿಟ್ಟುಕೊಂಡಿರುತ್ತದೆ. ಮುಂದಿನ ಮರಿ ಏಳರಿಂದ ಒಂಬತ್ತು ವರ್ಷಗಳ ಮೇಲೆಯೇ. ಜೀವಮಾನಕ್ಕೆ ನಾಲ್ಕೈದು ಮರಿ. ಯಾವ ಹಣ್ಣು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆ, ಬರಗಾಲದಲ್ಲಿ ಯಾವ ತೊಗಟೆ ಸುಲಿದು ತಿನ್ನಬೇಕು, ಗೂಡಿಗೆ ಯಾವ ಕೊಂಬೆ ತಾಳುತ್ತದೆ ಎಂಬುದೆಲ್ಲ ಆ ಏಳೆಂಟು ವರ್ಷಗಳಲ್ಲಿ ತಾಯಿಯಿಂದ ಕಲಿಯುವ ವಿದ್ಯೆ. ಇಷ್ಟು ನಿಧಾನವಾಗಿ ಹೆಚ್ಚುವ ಸಂತತಿಯಲ್ಲಿ ವರ್ಷಕ್ಕೆ ನೂರು ಹೆಣ್ಣುಗಳಲ್ಲಿ ಒಂದು ಮಾತ್ರ ಹೆಚ್ಚುವರಿಯಾಗಿ ಸತ್ತರೂ ಸಾಕು, ಆ ಸಂತತಿ ಇಳಿಮುಖವಾಗುತ್ತದೆಂದು ಅಧ್ಯಯನ ಮಾಡಿದವರು ಲೆಕ್ಕ ಹಾಕಿದ್ದಾರೆ. ಕಾಡುಹಂದಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಲೆಕ್ಕ ಗೊತ್ತಿಲ್ಲದ ಕಾಲವೂ ಒಂದಿತ್ತು. ಡಾರ್ವಿನ್ನನ ಸಮಕಾಲೀನನಾದ ಆಲ್ಫ್ರೆಡ್ ರಸೆಲ್ ವಾಲೇಸ್ 1855ರಲ್ಲಿ ಬೋರ್ನಿಯೋದ ಸರವಾಕ್ ಸೀಮೆಯಲ್ಲಿದ್ದನು. ವಸ್ತುಸಂಗ್ರಹಕ್ಕಾಗಿ ಒರಾಂಗುಟಾನುಗಳನ್ನು ಗುಂಡಿಟ್ಟು ಕೊಂದದ್ದನ್ನು ತಾನೇ ಬರೆದುಕೊಂಡಿದ್ದಾನೆ. ಹಾಗೆ ಕೊಂದ ಒಂದು ತಾಯಿಯ ಮರಿ ಕೆಸರಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿ ತಂದು ಸಾಕಿದ. ಆ ಊರಿನಲ್ಲಿ ಹಾಲು ಸಿಗುತ್ತಿರಲಿಲ್ಲ. ಅನ್ನದ ಗಂಜಿಯ ತಿಳಿಯನ್ನು ಸೀಸೆಯಲ್ಲಿ ಕುಡಿಸಿದ. ಸ್ನಾನ ಮಾಡಿಸಿದ, ತೊಟ್ಟಿಲು ಮಾಡಿಸಿದ. ಮೂರು ತಿಂಗಳಾಗುವ ಹೊತ್ತಿಗೆ ಮರಿ ಸತ್ತಿತು. ಕೆಟ್ಟ ಮನುಷ್ಯನಾಗಿರಲಿಲ್ಲ, ಆ ಕಾಲದ ದೊಡ್ಡ ವಿದ್ವಾಂಸ. ಮರಿಯನ್ನು ಪ್ರೀತಿಸಿದವನೂ ತಾಯಿಯನ್ನು ಕೊಂದವನೂ ಅವನೇ.

ಬೋರ್ನಿಯೋದ ಕಾಡಿನ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿಯ ಎತ್ತರದ ಮರಗಳಲ್ಲಿ ಬಹುಪಾಲು ಒಂದೇ ಕುಟುಂಬಕ್ಕೆ ಸೇರಿದವು. ನಮ್ಮ ಘಟ್ಟದ ಧೂಪದ ಮರ, ಕಿರಾಲುಬೋಗಿ ಇವೂ ಅದೇ ಕುಟುಂಬದವು. ಅಲ್ಲಿ ಈ ಮರಗಳು ಪ್ರತಿ ವರ್ಷ ಕಾಯಿ ಬಿಡುವುದಿಲ್ಲ. ಹಲವು ವರ್ಷಗಳಿಗೊಮ್ಮೆ, ಕಾಡಿಗೆ ಕಾಡೇ ಒಪ್ಪಂದ ಮಾಡಿಕೊಂಡಂತೆ, ಒಟ್ಟಿಗೆ ಹೂಬಿಟ್ಟು ಕಾಯಿ ಸುರಿಸುತ್ತವೆ. ಮಧ್ಯದ ವರ್ಷಗಳಲ್ಲಿ ಹಣ್ಣಿನ ಬರ. ಆಗ ಅತ್ತಿ, ಬಸರಿ, ಗೋಣಿಯಂಥ ಮರಗಳ ಹಣ್ಣೇ ಒರಾಂಗುಟಾನಿಗೆ ಆಸರೆ. ಅದೂ ಸಾಲದಾದರೆ ಚಿಗುರು, ತೊಗಟೆ. ಹೀಗಾಗಿ ಒಂದೊಂದು ಪ್ರಾಣಿಗೂ ತುಂಬ ವಿಸ್ತಾರವಾದ ಕಾಡು ಬೇಕು. ಕಾಡನ್ನು ನಾಲ್ಕು ತುಂಡು ಮಾಡಿ ನಾಲ್ಕನ್ನೂ ಉಳಿಸಿದ್ದೇವೆ ಎಂದರೆ ಅದಕ್ಕೆ ಉಪಯೋಗವಿಲ್ಲ.

ಸದಸ್ಯರಿಗೆ ಇಷ್ಟವಾಗಬಹುದಾದ ಇನ್ನೊಂದು ಸಂಗತಿ. ಸುಮಾತ್ರಾದ ಸುವಾಕ್ ಬಲಿಂಬಿಂಗ್ ಎಂಬ ಜೌಗು ಕಾಡಿನಲ್ಲಿ ರಾಕುಸ್ ಎಂದು ಹೆಸರಿಟ್ಟ ಒಂದು ಗಂಡಿಗೆ 2022ರ ಜೂನಿನಲ್ಲಿ ಮುಖದ ಮೇಲೆ ಗಾಯವಾಗಿತ್ತು. ಅದು ಒಂದು ಬಳ್ಳಿಯ ಎಲೆಯನ್ನು ಜಗಿದು ರಸವನ್ನು ಗಾಯಕ್ಕೆ ಮತ್ತೆ ಮತ್ತೆ ಹಚ್ಚಿ, ಕೊನೆಗೆ ಜಗಿದ ಎಲೆಯನ್ನೇ ಮೆತ್ತಿತು. ಐದು ದಿನಗಳಲ್ಲಿ ಗಾಯ ಮುಚ್ಚಿಕೊಂಡಿತು. ಆ ಬಳ್ಳಿ ಅಲ್ಲಿಯ ಜನರ ನಾಟಿ ಔಷಧದಲ್ಲಿಯೂ ಇದೆ. ಕುಟುಂಬದಲ್ಲಿ ಅದು ನಮ್ಮ ಅಮೃತಬಳ್ಳಿಯ ನೆಂಟ. ಈ ವರದಿ 2024ರಲ್ಲಿ ಪ್ರಕಟವಾದಾಗ ನಮ್ಮ ಮನೆಯಲ್ಲಿ ಓದಿ ಹೇಳಿದೆವು. ತೊಂಬತ್ತರ ಹತ್ತಿರದ ನಮ್ಮ ತಾಯಿಯವರು, "ಮಂಗಕ್ಕೆ ಗೊತ್ತಿದೆ, ನಿಮಗೇ ಮರೆತುಹೋಗಿದೆ" ಎಂದರು.

ಕಾಡು ಹೋದದ್ದು ಹೇಗೆ

ಒಂದೇ ಏಟಿಗೆ ಹೋಗಲಿಲ್ಲ. ಮೊದಲು ಮರದ ವ್ಯಾಪಾರ ಬಂತು. ಇಂಡೋನೇಷ್ಯಾದಲ್ಲಿ 1967ರ ಅರಣ್ಯ ಕಾನೂನಿನ ನಂತರ ಸುಹಾರ್ತೋ ಸರಕಾರವು ದೊಡ್ಡ ದೊಡ್ಡ ಕಾಡುಗಳನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಮರದ ಲಾರಿಗೆ ರಸ್ತೆಯಾಯಿತು. ರಸ್ತೆಯ ಹಿಂದೆ ಜನ ಬಂದರು. ಜಾವಾ ದ್ವೀಪದಲ್ಲಿ ಜನ ಹೆಚ್ಚಾಗಿ ಭೂಮಿ ಸಾಲದಾದುದರಿಂದ ಸರಕಾರವೇ ಬಡ ಕುಟುಂಬಗಳನ್ನು ಹಡಗಿನಲ್ಲಿ ಸಾಗಿಸಿ ಹೊರದ್ವೀಪಗಳಲ್ಲಿ ನೆಲೆಗೊಳಿಸಿತು. ಕೆಲವು ಯೋಜನೆಗಳಲ್ಲಿ ಕುಟುಂಬಕ್ಕೆ 2 ಹೆಕ್ಟೇರ್, ಅಂದರೆ ಸುಮಾರು ಐದೆಕರೆ, ಎಣ್ಣೆ ತಾಳೆಯ ತೋಟ ಸಿಕ್ಕಿತು. ಐದೆಕರೆಯ ಆ ರೈತನ ಮುಖ ನಮಗೆ ಗುರುತು ಸಿಗದಂಥದ್ದಲ್ಲ. ಇಂದಿಗೂ ಇಂಡೋನೇಷ್ಯಾದ ತಾಳೆ ತೋಟಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗ ಸಣ್ಣ ಹಿಡುವಳಿದಾರರ ಕೈಯಲ್ಲಿದೆ. ಪತ್ರಿಕೆಗಳಲ್ಲಿ ಬರುವ ಚಿತ್ರಗಳಲ್ಲಿ ಕಂಪನಿಗಳೇ ಕಾಣುತ್ತವೆ. ಕಂಪನಿಗಳ ಪಾಲು ದೊಡ್ಡದು ನಿಜ, ಆದರೆ ಕಥೆ ಅಷ್ಟೇ ಅಲ್ಲ.

ಎಣ್ಣೆ ತಾಳೆ ಆ ಸೀಮೆಯ ಮರವಲ್ಲ, ಪಶ್ಚಿಮ ಆಫ್ರಿಕದ್ದು. 1848ರಲ್ಲಿ ನಾಲ್ಕು ಸಸಿಗಳು ಜಾವಾದ ಬೋಗೋರ್ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದವು. ಸುಮಾತ್ರಾದಲ್ಲಿ 1911ರಲ್ಲಿ ವ್ಯಾಪಾರದ ತೋಟ ಎದ್ದಿತು. ಮಲಯದಲ್ಲಿ ಮೊದಲ ವ್ಯಾಪಾರದ ತೋಟವನ್ನು 1917ರಲ್ಲಿ ಸೆಲಂಗೋರಿನಲ್ಲಿ ಹೆನ್ರಿ ಫೋಕೋನಿಯೆ ಎಂಬ ಫ್ರೆಂಚ್ ತೋಟಗಾರ ಹಾಕಿದ, ಅದೂ ಕಾಫಿ ಕೈಕೊಟ್ಟ ಜಾಗದಲ್ಲಿ. (ಕಾಫಿಯ ವಿಷಯದಲ್ಲಿ ನಾವೂ ಆ ದ್ವೀಪಗಳಿಗೆ ಹಳೆಯ ಬಾಂಧವ್ಯದವರೇ. 1696ರಲ್ಲಿ, ಅದು ನೆರೆಯಲ್ಲಿ ಹಾಳಾದ ಮೇಲೆ 1699ರಲ್ಲಿ ಮತ್ತೊಮ್ಮೆ, ಡಚ್ಚರು ಜಾವಾಕ್ಕೆ ಕಾಫಿ ಗಿಡ ಒಯ್ದದ್ದು ಮಲಬಾರಿನ ಕರೆಯಿಂದ.)

ತಾಳೆಗೆ ಆಗ ಒಂದು ತೊಡಕಿತ್ತು. ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮಲೇಷ್ಯಾದಲ್ಲಿ ಪರಾಗ ಸರಿಯಾಗಿ ಕೂಡುತ್ತಿರಲಿಲ್ಲ. ಆಳು ಇಟ್ಟು ಕೈಯಿಂದ ಪರಾಗ ಹಾಕಿಸಬೇಕಾಗಿತ್ತು. ಸೈಯದ್ ಎಂಬ ಪಾಕಿಸ್ತಾನದ ಕೀಟಶಾಸ್ತ್ರಜ್ಞರು ಆಫ್ರಿಕದ ಕ್ಯಾಮರೂನಿನಲ್ಲಿ ಅಧ್ಯಯನ ಮಾಡಿ, ಅಲ್ಲಿ ಈ ಕೆಲಸ ಮಾಡುವುದು ಒಂದು ಸಣ್ಣ ಸೊಂಡಿಲು ಕೀಟವೆಂದು ತೋರಿಸಿದರು. 1981ರಲ್ಲಿ ಆ ಕೀಟವನ್ನು ಮಲೇಷ್ಯಾದ ತೋಟಗಳಲ್ಲಿ ಬಿಟ್ಟರು. ಕೈಯಿಂದ ಪರಾಗ ಹಾಕುವ ಕೂಲಿ ನಿಂತುಹೋಯಿತು, ಗೊನೆ ತುಂಬಿತು. ಬೆಳೆಗಾರನ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಸೊಗಸಾದ ಸಂಶೋಧನೆ ಇಲ್ಲ. ವಿಷವಿಲ್ಲ, ಯಂತ್ರವಿಲ್ಲ, ಒಂದು ಹುಳು. ಆದರೆ ಲಾಭ ಹೆಚ್ಚಿದ ಬೆಳೆ ಇದ್ದಲ್ಲಿಯೇ ನಿಲ್ಲುವುದಿಲ್ಲವಲ್ಲ. ಇಂಡೋನೇಷ್ಯಾದಲ್ಲಿ 1980ರಲ್ಲಿ ಸುಮಾರು 3 ಲಕ್ಷ ಹೆಕ್ಟೇರ್ ಇದ್ದ ತಾಳೆ ಈಗ 1.6 ಕೋಟಿ ಹೆಕ್ಟೇರಿನ ಆಸುಪಾಸಿಗೆ ಬಂದಿದೆ. ಭಾರತದ ಎಲ್ಲ ಕಾಫಿ ತೋಟಗಳನ್ನು ಒಟ್ಟು ಸೇರಿಸಿದರೂ ಅದರ ಮೂವತ್ತರಲ್ಲಿ ಒಂದು ಭಾಗವಾಗುತ್ತದೆ. ಆ ಭೂಮಿಯೆಲ್ಲ ಹಿಂದೆ ಕಾಡಾಗಿತ್ತೆಂದು ಹೇಳಲಾಗದು. ಹಳೆಯ ರಬ್ಬರ್ ತೋಟ, ಹುಲ್ಲುಗಾಡು, ಕಡಿದು ಬಿಟ್ಟ ಬಯಲೂ ಇತ್ತು. ಕಾಡೂ ಬೇಕಾದಷ್ಟು ಇತ್ತು.

ಕೊನೆಯದು ಬೆಂಕಿ. ಮಧ್ಯ ಕಾಲಿಮಂತಾನಿನಲ್ಲಿ ಜೌಗು ಕಾಡುಗಳಿವೆ. ಹೊರನೋಟಕ್ಕೆ ನಮ್ಮ ಶರಾವತಿ ಕಣಿವೆಯ ರಾಮಪತ್ರೆ ಜಡ್ಡಿಯಂತೆ, ನೀರಿನಲ್ಲಿ ನಿಂತ ಮರಗಳು. ಆದರೆ ಕೆಳಗಿರುವುದು ಮಣ್ಣಲ್ಲ. ಸಾವಿರಾರು ವರ್ಷ ನೀರಿನಡಿಯಲ್ಲಿ ಪೂರ್ತಿ ಕೊಳೆಯದೆ ಕೂತ ಎಲೆ, ಬೇರು, ಮರದ ಮಡ್ಡಿ. ಕೆಲವು ಕಡೆ ಹತ್ತು ಮೀಟರಿಗಿಂತ ಆಳವಿದೆ. ಇದಕ್ಕೆ ಪೀಟ್ ಎನ್ನುತ್ತಾರೆ. ಒರಾಂಗುಟಾನಿಗೆ ಈ ಕಾಡುಗಳು ಒಳ್ಳೆಯ ನೆಲೆ. 1995ರ ಕೊನೆಗೆ ಸುಹಾರ್ತೋ ಸರಕಾರವು ಇಂಥ ಜೌಗಿನ ಹತ್ತು ಲಕ್ಷ ಹೆಕ್ಟೇರನ್ನು ಭತ್ತದ ಗದ್ದೆ ಮಾಡಲು ಅಪ್ಪಣೆ ಕೊಟ್ಟಿತು. ಮರ ಕಡಿದರು, 4,000 ಕಿಲೋಮೀಟರಿಗೂ ಉದ್ದದ ಕಾಲುವೆ ತೋಡಿ ನೀರು ಬಸಿದರು. ಭತ್ತ ಬರಲಿಲ್ಲ. ಆ ಹುಳಿ ನೆಲದಲ್ಲಿ ಬರುವುದಿಲ್ಲವೆಂದು ಅಲ್ಲಿಯ ಡಯಾಕ್ ಜನರನ್ನು ಕೇಳಿದ್ದರೆ ಹೇಳುತ್ತಿದ್ದರು. 1997ರಲ್ಲಿ ಎಲ್ ನಿನೋ ಬರಗಾಲ ಬಂತು, ಒಣಗಿದ ಪೀಟಿಗೆ ಬೆಂಕಿ ಬಿತ್ತು. ಅಡಿಕೆ ಸಿಪ್ಪೆಯ ರಾಶಿಗೆ ಕಿಡಿ ತಾಗಿದರೆ ಮೇಲೆ ಏನೂ ಕಾಣದೆ ಒಳಗೊಳಗೇ ದಿನಗಟ್ಟಲೆ ಉರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆ ರಾಶಿಯನ್ನು ಒಂದು ಜಿಲ್ಲೆಯಷ್ಟು ಅಗಲ ಮಾಡಿ ಯೋಚಿಸಿದರೆ ಅಲ್ಲಿ ಆದದ್ದು ತಿಳಿಯುತ್ತದೆ. ಹೊಗೆ ಸಿಂಗಪುರದವರೆಗೂ ಹೋಯಿತು. ಯೋಜನೆಯನ್ನು ಕೈಬಿಟ್ಟರು, ಕಾಲುವೆಗಳು ಉಳಿದವು. 2015ರ ಬರಗಾಲದಲ್ಲಿ ಇಂಡೋನೇಷ್ಯಾದಲ್ಲಿ ಮತ್ತೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ಆ ವರ್ಷದ ನಷ್ಟವನ್ನು ವಿಶ್ವಬ್ಯಾಂಕು 1,600 ಕೋಟಿ ಡಾಲರ್ ಎಂದು ಅಂದಾಜು ಮಾಡಿತು.

ಇದರ ಫಲವಾಗಿ 1999ರಿಂದ 2015ರ ನಡುವೆ ಬೋರ್ನಿಯೋ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನುಗಳು ಇಲ್ಲವಾದವೆಂದು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹೇಳಿತು. ಆ ಅಧ್ಯಯನದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. ಸಂಖ್ಯೆಯ ಲೆಕ್ಕದಲ್ಲಿ ಹೆಚ್ಚು ಪ್ರಾಣಿಗಳು ಹೋದದ್ದು ಪೂರ್ತಿ ಬೋಳಾದ ಜಾಗಗಳಿಂದಲ್ಲ. ಇನ್ನೂ ಕಾಡೆಂದು ಕರೆಯಬಹುದಾದ ಜಾಗಗಳಿಂದ. ಬೋಳಾದಲ್ಲಿ ನಾಶದ ವೇಗ ಹೆಚ್ಚು, ನಿಜ. ಆದರೆ ಕಾಡಿನೊಳಗೂ ಕಾಡಂಚಿನಲ್ಲೂ ಕೊಲ್ಲುವುದು ನಡೆದೇ ಇತ್ತು. ಮಾಂಸಕ್ಕೆ ಕೊಂದರು, ಮರಿ ಹಿಡಿದು ಮಾರಲು ತಾಯಿಯನ್ನು ಕೊಂದರು. ಹಸಿದು ಕಾಡಂಚಿಗೆ ಬಂದು ರೈತನ ಡೂರಿಯನ್ ಹಣ್ಣನ್ನೋ ಎಳೆಯ ತಾಳೆಯ ಸುಳಿಯನ್ನೋ ತಿಂದಾಗಲೂ ಕೊಂದರು.

2019ರ ಮಾರ್ಚಿನಲ್ಲಿ ಸುಮಾತ್ರಾದ ಅಚೆ ಪ್ರಾಂತದ ಒಂದು ತಾಳೆ ತೋಟದಲ್ಲಿ ಒಂದು ಹೆಣ್ಣು ಸಿಕ್ಕಿತು. ಕ್ಷ-ಕಿರಣ ಚಿತ್ರ ತೆಗೆದಾಗ ಮೈಯಲ್ಲಿ ಗಾಳಿಕೋವಿಯ 74 ಚರೆಗಳಿದ್ದವು. ಎರಡೂ ಕಣ್ಣು ಹೋಗಿದ್ದವು. ಜತೆಯಲ್ಲಿದ್ದ ಮರಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಸತ್ತಿತು. ಅವಳಿಗೆ ಹೋಪ್, ಅಂದರೆ ಭರವಸೆ, ಎಂದು ಹೆಸರಿಟ್ಟರು. ಗುಂಡು ಹೊಡೆದದ್ದು ಯಾವ ಕಂಪನಿಯ ಬುಲ್ಡೋಜರೂ ಅಲ್ಲ. ಮಂಗ ಬಾಳೆಗೊನೆ ಮುರಿದಾಗ, ಆನೆ ಒಂದೇ ರಾತ್ರಿಯಲ್ಲಿ ಅಡಿಕೆ ಸಸಿಗಳನ್ನು ಕಿತ್ತು ಹಾಕಿದಾಗ ನಮ್ಮ ಮನಸ್ಸಿನಲ್ಲಿ ಏನು ಹುಟ್ಟುತ್ತದೆ ಎಂಬುದು ನಮಗೆ ಗೊತ್ತಿರುವುದರಿಂದ ಆ ಕೋವಿ ಹಿಡಿದವನನ್ನು ರಾಕ್ಷಸನೆಂದು ಬರೆಯಲು ನಮ್ಮಿಂದಾಗದು. ಅವನು ಮಾಡಿದ್ದು ಸರಿಯೆಂದು ಬರೆಯಲೂ ಆಗದು.

ಅಲ್ಲಿ ಒಳ್ಳೆಯ ಕೆಲಸವೂ ನಡೆದಿದೆ. ಬಿರುಟೆ ಗಾಲ್ಡಿಕಾಸ್ ಎಂಬ ಮಹಿಳೆ 1971ರಲ್ಲಿ ಬೋರ್ನಿಯೋದ ತಂಜುಂಗ್ ಪುಟಿಂಗಿಗೆ ಹೋಗಿ ಜಿಗಣೆ, ಕೆಸರಿನ ನಡುವೆ ವರ್ಷಗಟ್ಟಲೆ ಕೂತು ಈ ಪ್ರಾಣಿಯನ್ನು ಅಧ್ಯಯನ ಮಾಡಿದರು. ತಾಯಿಯಿಂದ ಕಲಿಯುವ ವಿದ್ಯೆಯ ಬಗ್ಗೆ ಈಗ ಗೊತ್ತಿರುವುದರಲ್ಲಿ ಬಹಳಷ್ಟು ಇಂಥವರ ದುಡಿಮೆ. ಅನಾಥ ಮರಿಗಳಿಗಾಗಿ 1964ರಲ್ಲಿ ಸಬಾ ಸೀಮೆಯ ಸೆಪಿಲೋಕಿನಲ್ಲಿ, 1999ರಲ್ಲಿ ಮಧ್ಯ ಕಾಲಿಮಂತಾನಿನ ನ್ಯಾರು ಮೆಂಟೆಂಗಿನಲ್ಲಿ ಆಶ್ರಯಗಳಾದವು. ಸ್ಥಳೀಯ ಹೆಂಗಸರು ಅಲ್ಲಿ ಮರಿಗಳನ್ನು ಬೆಳಿಗ್ಗೆ ಕಾಡಿಗೆ ಕರೆದೊಯ್ದು ಮರ ಹತ್ತಲು, ಗೂಡು ಕಟ್ಟಲು ಕಲಿಸುತ್ತಾರೆ. ತಾಯಿ ದುಡ್ಡು ಕೇಳದೆ ಕಲಿಸುತ್ತಿದ್ದುದನ್ನು ಕಲಿಸಲು ಈಗ ಒಂದು ಸಂಸ್ಥೆ, ಸಂಬಳ, ಏಳೆಂಟು ವರ್ಷ. ಇಷ್ಟಾಗಿ ಮರಳಿ ಬಿಡಲು ಕಾಡು ಬೇಕಲ್ಲ.

ಸಬಾದ ಕಿನಬಟಂಗನ್ ನದಿಯ ಬಯಲಿನಲ್ಲಿ ಕಂಡುಬಂದದ್ದು ತೋಟಗಾರರಿಗೆ ಹೆಚ್ಚು ಉಪಯುಕ್ತ. ಅಲ್ಲಿ ಕಾಡು ತುಂಡು ತುಂಡಾಗಿದೆ, ಸುತ್ತ ತಾಳೆ. ಆದರೂ ನದಿದಂಡೆಯಲ್ಲಿ ಕಾಡಿನ ಪಟ್ಟಿ ಉಳಿದ ಕಡೆಗಳಲ್ಲಿ ಒರಾಂಗುಟಾನ್ ಉಳಿದುಕೊಂಡಿದೆ. ತೋಟದ ನಡುವಿನ ಕಾಡುಮರಗಳನ್ನು ಮೆಟ್ಟಿಲಾಗಿ ಮಾಡಿಕೊಂಡು ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಲುವೆಯ ಮೇಲೆ ಹಗ್ಗದ ಸೇತುವೆ ಕಟ್ಟಿದರು. ಅಗ್ನಿಶಾಮಕರ ಹಳೆಯ ನೀರಿನ ಕೊಳವೆಗಳನ್ನೂ ಅದಕ್ಕೆ ಉಪಯೋಗಿಸಿದರು. ವರ್ಷಗಳು ಕಾದ ಮೇಲೆ 2010ರಲ್ಲಿ ಒಂದು ಒರಾಂಗುಟಾನ್ ದಾಟುವ ಚಿತ್ರ ಸಿಕ್ಕಿತು. ನಮ್ಮ ಸಿಂಗಳೀಕಕ್ಕೂ ವಾಲ್ಪಾರೆಯ ಚಹಾ ತೋಟಗಳ ನಡುವೆ ಇಂಥದೇ ಸೇತುವೆ ಕಟ್ಟಿದ್ದಾರೆ. ಸಿಂಗಳೀಕವೂ ನೆಲಕ್ಕಿಳಿಯಲು ಒಲ್ಲದ ಪ್ರಾಣಿ, ನಿಧಾನ ಸಂತಾನದ್ದು. ಶಿರಸಿ-ಹೊನ್ನಾವರ ಘಟ್ಟದಲ್ಲಿ ಅದಕ್ಕಾಗಿಯೇ ಅಘನಾಶಿನಿ ಮೀಸಲು 2011ರಲ್ಲಿ ಆಗಿದೆ, ಅಡಿಕೆ ಬೆಳೆಯುವ ಊರುಗಳ ಪಕ್ಕದಲ್ಲೇ.

ನಮ್ಮ ಪಾತ್ರ

ಐವತ್ತು ದಾಟಿದ ಸದಸ್ಯರಿಗೆ ನೆನಪಿರಬಹುದು, ನಾವು ಶಾಲೆಗೆ ಹೋಗುತ್ತಿದ್ದಾಗ ನ್ಯಾಯಬೆಲೆ ಅಂಗಡಿಯಲ್ಲಿ ಪಾಮೋಲಿನ್ ಎಣ್ಣೆ ಬಂದಿತೆಂದರೆ ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದೆವು. ಈಗ ಸಾಲಿಲ್ಲ, ಬಿಸ್ಕತ್ತು, ಸಾಬೂನು, ಬೇಕರಿಯ ಖಾರ, ಹೋಟೆಲಿನ ಬಜ್ಜಿ ಎಲ್ಲದರಲ್ಲೂ ಅದೇ ಇದೆ. ತಾಳೆ ಎಣ್ಣೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ತರಿಸಿಕೊಳ್ಳುವ ದೇಶ ಭಾರತ. ಇತ್ತೀಚಿನ ವರ್ಷಗಳಲ್ಲಿ 75 ಲಕ್ಷದಿಂದ ಒಂದು ಕೋಟಿ ಟನ್ನಿನ ನಡುವೆ ತರಿಸಿದ್ದೇವೆ. ಹಾಗಾದರೆ ಬಿಟ್ಟುಬಿಡೋಣ ಎನ್ನುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ಒಂದು ಹೆಕ್ಟೇರ್ ತಾಳೆ ಮೂರರಿಂದ ನಾಲ್ಕು ಟನ್ ಎಣ್ಣೆ ಕೊಡುತ್ತದೆ. ಸೋಯಾ ಅರ್ಧ ಟನ್ನೂ ಕೊಡುವುದಿಲ್ಲ, ಸೂರ್ಯಕಾಂತಿ ಒಂದು ಟನ್ನಿನೊಳಗೆ. ಅಷ್ಟೇ ಎಣ್ಣೆಯನ್ನು ಬೇರೆ ಬೀಜದಿಂದ ತೆಗೆಯಹೊರಟರೆ ಇನ್ನೆಲ್ಲೋ ಇನ್ನಾರೋ ಇನ್ನಷ್ಟು ಕಾಡು ಕಡಿಯಬೇಕಾಗುತ್ತದೆ. ಬೆಳೆ ತಪ್ಪಿತಸ್ಥನಲ್ಲ, ಅದನ್ನು ಎಲ್ಲಿ ನೆಟ್ಟರು ಎಂಬುದೇ ಪ್ರಶ್ನೆ. 2021ರಲ್ಲಿ ನಮ್ಮ ಸರಕಾರವೂ 11,040 ಕೋಟಿ ರೂಪಾಯಿಯ ತಾಳೆ ಯೋಜನೆಯನ್ನು ಮಂಜೂರು ಮಾಡಿದೆ. ಈಶಾನ್ಯ ರಾಜ್ಯಗಳ, ಅಂಡಮಾನಿನ ಮೇಲೆ ಅದರ ಕಣ್ಣು. ಅವೂ ಮಳೆಕಾಡಿನ ಸೀಮೆಗಳೇ ಎಂಬುದನ್ನು ಸದಸ್ಯರು ಗಮನಿಸಬೇಕು. ಇಂಡೋನೇಷ್ಯಾದವರೇ 2011ರಲ್ಲಿ ಮೂಲ ಕಾಡು, ಪೀಟ್ ನೆಲಗಳಿಗೆ ಹೊಸ ಪರವಾನಗಿ ನಿಲ್ಲಿಸಿ 2019ರಲ್ಲಿ ಅದನ್ನು ಕಾಯಂ ಮಾಡಿದರು. 2016ರ ನಂತರದ ಕೆಲವು ವರ್ಷ ಅಲ್ಲಿ ಕಾಡುನಾಶ ಗಣನೀಯವಾಗಿ ಇಳಿಯಿತು. ಆಗುವುದಿಲ್ಲ ಎಂಬ ಮಾತಿಗೆ ಇದು ಉತ್ತರ.

ತಾಳೆಯ ಮಾತು ಸಾಕು, ಕಾಫಿಗೆ ಬರೋಣ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಯ ದರ ಏರಿದ್ದು ಎಲ್ಲರಿಗೂ ನೆನಪಿದೆ. ಆ ದರ ಸುಮಾತ್ರಾದ ದಕ್ಷಿಣ ತುದಿಯ ಲಂಪುಂಗಿಗೂ ಮುಟ್ಟಿತು. 1997-98ರಲ್ಲಿ ಅವರ ರೂಪಯ್ಯ ಕುಸಿದಾಗ ಅವರ ಲೆಕ್ಕದಲ್ಲಿ ಕಾಫಿ ಇನ್ನೂ ದುಬಾರಿಯಾಯಿತು. ಸಣ್ಣ ರೈತರು ಬುಕಿತ್ ಬರಿಸಾನ್ ಸೆಲಾತಾನ್ ರಾಷ್ಟ್ರೀಯ ಉದ್ಯಾನದೊಳಗೆ ನುಗ್ಗಿ ಕಾಡು ಸವರಿ ರೊಬಸ್ಟಾ ನೆಟ್ಟರು. ಅಲ್ಲಿ ಒರಾಂಗುಟಾನ್ ಇಲ್ಲ, ಹುಲಿಯೂ ಆನೆಯೂ ಇವೆ. ದರ ಏರಿದಾಗ ಕಾಡು ಕಡಿಯುವುದು ಏರುತ್ತಿತ್ತೆಂದು ಅಲ್ಲಿ ಅಧ್ಯಯನ ಮಾಡಿದವರು ತೋರಿಸಿದ್ದಾರೆ.

ಅದೇ 1995ರಲ್ಲಿ ನಾವೇನು ಮಾಡುತ್ತಿದ್ದೆವು? ಪದವಿ ಮುಗಿಸಿ ತೋಟಕ್ಕೆ ಬಂದು ಎರಡು ವರ್ಷವಾಗಿತ್ತು. ನಮ್ಮ ತೋಟದ ಹಳ್ಳದ ದಂಡೆಯಲ್ಲಿ ಎರಡು ಗೋಣಿಮರ, ಒಂದು ಬಸರಿ, ಹಿಂದಿನಿಂದ ಬಂದ ಅರ್ಧ ಎಕರೆ ಕಾಡು ಇತ್ತು. ಗೋಣಿಮರದಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಹೆಜ್ಜೇನು ಕಟ್ಟುತ್ತಿತ್ತು. ದರ ಬಂದಾಗ ಜಾಗ ದಂಡವಾಗಿದೆ ಎಂದು ಎಲ್ಲವನ್ನೂ ತೆಗೆಸಿ ಸಿಲ್ವರ್ ಓಕ್ ನೆಟ್ಟು ಕಾಫಿ ಹಾಕಿದೆವು. ನಮ್ಮ ತಂದೆಯವರು ಬೇಡವೆಂದರು. ಎರಡನೆಯ ಸಲ ಹೇಳಲಿಲ್ಲ, ಕಡಿಯುವ ದಿನ ಪೇಟೆಗೆ ಹೋಗಿ ಕತ್ತಲಾದ ಮೇಲೆ ಬಂದರು. ಹೆಜ್ಜೇನು ಮತ್ತೆ ಆ ದಂಡೆಗೆ ಬರಲಿಲ್ಲ. ಹಳ್ಳದ ನೀರು ಶಿವರಾತ್ರಿಯವರೆಗೆ ಇರುತ್ತಿದ್ದದ್ದು ಈಗ ಸಂಕ್ರಾಂತಿಗೇ ನಿಲ್ಲುತ್ತದೆ. ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಲಂಪುಂಗಿನವನಿಗೂ ನಮಗೂ ನಡುವೆ ಇದ್ದ ವ್ಯತ್ಯಾಸವೆಂದರೆ ನಮ್ಮ ಹೆಸರಿನಲ್ಲಿ ಪಹಣಿ ಇತ್ತು.

ಇದನ್ನು ಈಗ ಬರೆಯಲು ಕಾರಣವಿದೆ. 2024-25ರಲ್ಲಿ ದರ ಹಿಂದೆಂದೂ ಇಲ್ಲದಷ್ಟು ಏರಿತು. ತೋಟದ ಮೂಲೆಯಲ್ಲಿ ಉಳಿದ ಕಾಡು, ಹಳ್ಳದ ದಂಡೆ, ಬಾಣೆ ಇವುಗಳ ಮೇಲೆ ಕಣ್ಣು ಹಾಕಿದವರು ನಮ್ಮ ಸದಸ್ಯರಲ್ಲೂ ಇದ್ದಾರೆ. ಒಬ್ಬಿಬ್ಬರು ಬಂದು ಕೇಳಿಯೂ ಇದ್ದಾರೆ. ಅವರಿಗೆ ಮೇಲಿನದನ್ನೇ ಹೇಳಿದೆವು. ಅದರ ಜತೆಗೆ ವ್ಯವಹಾರದ ಮಾತೊಂದನ್ನೂ ಹೇಳಿದೆವು, ಅದು ಫಾರಮಿನ ವಿಷಯ.

ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಇವು ಏಳು ಸರಕುಗಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದನ್ನು ಅಲ್ಲಿಗೆ ಒಯ್ಯುವಂತಿಲ್ಲ. ಬೆಳೆದ ಜಾಗ ಯಾವುದೆಂದು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು. 2024ರ ಕೊನೆಗೆ ಜಾರಿಯಾಗಬೇಕಿದ್ದುದನ್ನು ಒಮ್ಮೆಯಲ್ಲ, ಎರಡು ಸಲ ಮುಂದೂಡಿದ್ದಾರೆ. ಅಡಿಕೆ ಇದರಲ್ಲಿ ಸೇರಿಲ್ಲ. 2025ರಲ್ಲಿ ಅವರು ದೇಶಗಳನ್ನು ವಿಂಗಡಿಸಿದಾಗ ಭಾರತವನ್ನು ಕಡಿಮೆ ಅಪಾಯದ ಪಟ್ಟಿಯಲ್ಲಿ ಇಟ್ಟರು. ನೆರಳಿನ ಮರದಡಿಯಲ್ಲಿ ಕಾಫಿ ಬೆಳೆದ ನಮ್ಮ ಹಿರಿಯರಿಗೆ ಇದರಲ್ಲಿ ಪಾಲಿದೆ ಎಂದು ನಮ್ಮ ಅಭಿಪ್ರಾಯ.

ಯುರೋಪಿನವರು ತಮ್ಮ ಕಾಡನ್ನು ಎಂದೋ ಕಡಿದು ಮುಗಿಸಿ, ಜಾವಾ ಸುಮಾತ್ರಾಗಳಲ್ಲಿ ಮೊದಲ ತೋಟಗಳನ್ನೂ ತಾವೇ ಹಾಕಿ, ಈಗ ಮೂರೆಕರೆಯವನ ಹತ್ತಿರ ದಾಖಲೆ ಕೇಳುತ್ತಾರೆಂಬ ಹಿರಿಯ ಸದಸ್ಯರ ಸಿಟ್ಟು ನಮ್ಮದೂ ಹೌದು. ಕಾಗದದ ಖರ್ಚು ದೊಡ್ಡ ಕಂಪನಿಗೆ ಲೆಕ್ಕಕ್ಕಿಲ್ಲ, ಸಣ್ಣವನಿಗೆ ಭಾರ. ದಾಖಲೆ ಇಲ್ಲದ ಸಣ್ಣವರನ್ನು ಬಿಟ್ಟು ದಾಖಲೆ ಇರುವ ದೊಡ್ಡವರಿಂದ ಕೊಳ್ಳುವುದು ವ್ಯಾಪಾರಿಗೆ ಸುಲಭ. ಆ ಭಾರವನ್ನು ಒಬ್ಬೊಬ್ಬರೇ ಹೊರುವುದು ಬೇಡವೆಂದೇ ಆಡಳಿತ ಮಂಡಳಿಯು ಈ ಕೆಲಸವನ್ನು ಸಂಘದ ವತಿಯಿಂದ ಮಾಡಲು ತೀರ್ಮಾನಿಸಿದೆ. ಅಚೆಯ ಗಾಯೋ ಬೆಟ್ಟಗಳಲ್ಲಿ, ಒರಾಂಗುಟಾನಿನ ಲೂಸೆರ್ ಕಾಡಿನ ಪಕ್ಕದಲ್ಲಿ, ಅರೇಬಿಕಾ ಬೆಳೆಯುವ ಸಣ್ಣ ರೈತರೂ ನಮ್ಮಂತೆಯೇ ಸಹಕಾರ ಸಂಘ ಕಟ್ಟಿಕೊಂಡು ಮಾರುತ್ತಾರೆ. ಅವರ ಮುಂದೆಯೂ ಇದೇ ಕಾನೂನು ಇದೆ.

ಹತ್ತು ಎಕರೆಗಿಂತ ಕಡಿಮೆ ಇರುವ ತೋಟಕ್ಕೆ ಒಂದು ಬಿಂದು ಗುರುತಿಸಿದರೆ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಗಡಿಯ ಸುತ್ತ ನಡೆಯಬೇಕು. ಸಂಘದ ಹುಡುಗರಿಬ್ಬರು ಫೋನು ಹಿಡಿದು ತೋಟಕ್ಕೇ ಬರುತ್ತಾರೆ, ಶುಲ್ಕವಿಲ್ಲ. ಪಹಣಿಯ ನಕಲು ಮತ್ತು ಸದಸ್ಯತ್ವದ ಪುಸ್ತಕ ತೆಗೆದಿಟ್ಟಿರಬೇಕು. ಅಣ್ಣತಮ್ಮಂದಿರ ನಡುವೆ ಪಾಲಾಗಿ ಪಹಣಿ ಇನ್ನೂ ತಂದೆಯ ಹೆಸರಿನಲ್ಲೇ ಇರುವವರು ಮೊದಲು ಕಚೇರಿಗೆ ಬಂದು ಮಾತಾಡತಕ್ಕದ್ದು. ಹಳ್ಳದ ದಂಡೆಗೆ ಹಾಕಲು ಗೋಣಿ, ಬಸರಿ, ಅತ್ತಿ ಸಸಿಗಳು ಬೇಕಾದವರು ಹೆಸರು ಬರೆಸಬಹುದು. ಮುಂದಿನ ಮುಂಗಾರಿಗೆ ನಮ್ಮ ನರ್ಸರಿಯಲ್ಲಿ ಬೆಳೆಸುತ್ತಿದ್ದೇವೆ. ಪಟ್ಟಿಯ ಮೊದಲಿಗೆ ನಮ್ಮ ಹೆಸರಿದೆ, ಆರು ಗೋಣಿ ಸಸಿ. ಕೆಳಗಿನದು ಆ ಹಿರಿಯ ಸದಸ್ಯರದು.